ರಿಪೋರ್ಟಿನಲ್ಲಿ ಬಿ27, ಬೆನ್ನಿನಲ್ಲಿ ಏನು?

ಕಳೆದ ಸಂಚಿಕೆಯಲ್ಲಿ ಸೊಂಟನೋವಿನ ಬಗ್ಗೆ ಬರೆಯುವಾಗ ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆಯ ಹೆಸರು ಒಂದು ವಾಕ್ಯದಲ್ಲಿ ಬಂದುಹೋಗಿತ್ತು. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿವೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತೆಗೆದಿಟ್ಟು, ಈ ಪುಟಗಳನ್ನು ಆ ಪರೀಕ್ಷೆ ಹುಡುಕುವ ವಂಶವಾಹಿಗೇ ಬಿಟ್ಟುಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ತೆಗೆದು ಬಡಾವಣೆಯ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಕಂಪನಿಯ ವಾರ್ಷಿಕ ತಪಾಸಣೆಯ ಜೊತೆಗೆ, ರಿಯಾಯಿತಿಯಲ್ಲಿ ಸಿಗುತ್ತದೆಂದು ‘ಬೆನ್ನಿನ ಪ್ಯಾಕೇಜ್’ ಕೂಡ ಮಾಡಿಸಿದೆ. ಅದರಲ್ಲಿ ಎಚ್‌ಎಲ್‌ಎ-ಬಿ27 ಪಾಸಿಟಿವ್ ಎಂದು ಕೆಂಪಕ್ಷರದಲ್ಲಿ ಬಂದಿದೆ. ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲಿ ಹೋಗಿಬಂದ ದಿನ ಸಂಜೆ ಸೊಂಟ ನೋಯುತ್ತದೆ, ಮಲಗಿದರೆ ಸರಿಹೋಗುತ್ತದೆ. ಬೆನ್ನುಮೂಳೆ ಬಿದಿರಿನಂತೆ ಒಂದೇ ಕೋಲಾಗಿ ಗೂನು ಬರುತ್ತದೆಂದು ಮೊಬೈಲಿನಲ್ಲಿ ಓದಿದ ಮೇಲೆ ನಿದ್ರೆಯೇ ಹತ್ತುತ್ತಿಲ್ಲ. — ವಿಜಯನಗರ

ಉತ್ತರ: ನಿಮ್ಮ ಪತ್ರದಲ್ಲಿ ಕೆಂಪಕ್ಷರಕ್ಕಿಂತ ಹೆಚ್ಚಿನ ವಿಷಯವನ್ನು ನನಗೆ ಹೇಳಿದ್ದು ‘ಮಲಗಿದರೆ ಸರಿಹೋಗುತ್ತದೆ’ ಎಂಬ ಎರಡು ಪದಗಳು. ಬಿ27ರೊಂದಿಗೆ ಹೆಸರು ಕೂಡಿಕೊಂಡಿರುವ ಕಾಯಿಲೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ಬುಡವು ಸೊಂಟದ ಮೂಳೆಯನ್ನು ಸೇರುವ ಸ್ಯಾಕ್ರೋಇಲಿಯಾಕ್ ಕೀಲುಗಳಲ್ಲಿ ಉರಿಯೂತವಾಗಿ ಆರಂಭವಾಗಿ, ಗಮನಿಸದೆ ಬಿಟ್ಟರೆ ಕೆಲವರಲ್ಲಿ ವರ್ಷಗಳ ಅವಧಿಯಲ್ಲಿ ಮೇಲಕ್ಕೆ ಹಬ್ಬುವ ಸಂಧಿವಾತ ಅದು. ಅದರ ನೋವಿನ ನಡತೆ ನಿಮ್ಮ ನೋವಿಗೆ ತದ್ವಿರುದ್ಧ. ಸಾಮಾನ್ಯವಾಗಿ 45 ವರ್ಷಕ್ಕೆ ಮೊದಲೇ, ಎಂದು ಶುರುವಾಯಿತೆಂದು ಹೇಳಲಾಗದಷ್ಟು ಮೆಲ್ಲಗೆ ಅದು ಬರುತ್ತದೆ. ಮೂರು ತಿಂಗಳು ಮೀರಿ ಉಳಿಯುತ್ತದೆ. ಮಲಗಿದರೆ ಬಲಿಯುತ್ತದೆ, ಎದ್ದು ಓಡಾಡಿದರೆ ಇಳಿಯುತ್ತದೆ. ನಡುರಾತ್ರಿ ಕಳೆದ ಮೇಲೆ ಎಚ್ಚರಗೊಳಿಸುತ್ತದೆ. ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸೊಂಟ ಹಿಡಿದುಕೊಂಡೇ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ಕ್ಲಚ್ ತುಳಿದವರ ಸೊಂಟ ಸಂಜೆ ನೋಯುವುದಕ್ಕೆ ಯಾವ ವಂಶವಾಹಿಯ ನೆರವೂ ಬೇಕಿಲ್ಲ.

ಇನ್ನು ರಿಪೋರ್ಟಿನ ವಿಷಯ. ಎಚ್‌ಎಲ್‌ಎ-ಬಿ ಎಂಬ ವಂಶವಾಹಿ ನಮ್ಮೆಲ್ಲರಲ್ಲೂ ಇದೆ. ಆರನೆಯ ವರ್ಣತಂತುವಿನ ಗಿಡ್ಡ ತೋಳು ಅದರ ಜಾಗ. ಮನುಷ್ಯರ ವಂಶವಾಹಿಗಳಲ್ಲಿ ಇಷ್ಟೊಂದು ಬಗೆಗಳಿರುವುದು ಅಪರೂಪ. ಸಾವಿರಾರು ಬಗೆಗಳನ್ನು ಈಗಾಗಲೇ ಗುರುತಿಸಿದ್ದಾರೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರ ಪಾಲಿಗೂ ಎರಡು ಬರುತ್ತವೆ. 27 ಎಂಬುದು ಆ ಬಗೆಗಳ ಒಂದು ಗುಂಪಿನ ಸಂಖ್ಯೆಯೇ ಹೊರತು ಕಾಯಿಲೆಯ ಮಟ್ಟ ತಿಳಿಸುವ ಅಂಕಿಯಲ್ಲ. ಐರೋಪ್ಯ ಮೂಲದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದು ಇದೆ. ಜಪಾನಿನಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ನಾವು ಇವೆರಡರ ನಡುವೆ ಇದ್ದೇವೆ. ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಮೂಲನಿವಾಸಿಗಳಲ್ಲಂತೂ ಹತ್ತಿರಹತ್ತಿರ ಅರ್ಧದಷ್ಟು ಜನ ಬಿ27 ಹೊತ್ತವರೇ, ಹಾಗೆಂದು ಅವರಲ್ಲಿ ಅರ್ಧ ಜನಕ್ಕೆ ಗೂನು ಬಂದಿಲ್ಲ.

ಬಿ27 ಇರುವ ನೂರು ಮಂದಿಯಲ್ಲಿ ಸ್ಪಾಂಡಿಲೈಟಿಸ್ ಬರುವುದು ಇಬ್ಬರಿಂದ ಐವರಿಗೆ. ನಿಮ್ಮ ಕಚೇರಿಯಲ್ಲಿ ಸಾವಿರ ಮಂದಿ ಇದ್ದು, ಅವರಲ್ಲಿ ಐವತ್ತು ಮಂದಿಗೆ ಈ ಬಗೆ ಇದೆ ಎಂದುಕೊಳ್ಳೋಣ. ಎಲ್ಲರಿಗೂ ಆ ಪ್ಯಾಕೇಜ್ ಮಾಡಿಸಿದರೆ ಐವತ್ತು ರಿಪೋರ್ಟುಗಳು ಕೆಂಪಾಗುತ್ತವೆ, ಕಾಯಿಲೆ ಬರುವುದು ಒಬ್ಬರಿಗೋ ಇಬ್ಬರಿಗೋ, ಉಳಿದ ನಲವತ್ತೆಂಟು ಮಂದಿಗೆ ನಿಮ್ಮಂತೆ ನಿದ್ರೆ ಕೆಡುತ್ತದೆ. ನೋವಿನ ಚರಿತ್ರೆ ಕೇಳದೆ ಈ ಪರೀಕ್ಷೆಯನ್ನು ಪ್ಯಾಕೇಜಿಗೆ ಸೇರಿಸಿ ಮಾರುವುದು ಬರೀ ವ್ಯಾಪಾರ. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ. ಹೆತ್ತವರಲ್ಲಿ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ. ಆಗ ಬಿ27 ಇರುವವರಿಗೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 10ರಿಂದ 20ರವರೆಗೆ ಏರುತ್ತದೆ. ನಿಮ್ಮ ಮನೆಯಲ್ಲಿ ಅಂಥವರು ಇಲ್ಲದಿದ್ದರೆ, ಕುರ್ಚಿಯ ಎತ್ತರ ಸರಿಮಾಡಿಕೊಂಡು, ಗಂಟೆಗೊಮ್ಮೆ ಎದ್ದು ನಡೆದು, ಮೇಲೆ ಹೇಳಿದ ರಾತ್ರಿನೋವು ಎಂದಾದರೂ ಶುರುವಾದರೆ ಆಗ ವೈದ್ಯರಲ್ಲಿಗೆ ಹೋಗಿ. ಕಣ್ಣು ಕೆಂಪಾಗಿ ನೋಯುವುದು, ಹಿಮ್ಮಡಿಯ ನೋವು, ಸೋರಿಯಾಸಿಸ್, ವಾರಗಟ್ಟಲೆ ಬಿಡದ ಭೇದಿ, ಇವೂ ಅದೇ ಸಂಸಾರಕ್ಕೆ ಸೇರಿದವು.

ಪ್ರಶ್ನೆ: ಮಗಳಿಗೆ 22 ವರ್ಷ. ಒಂದೂವರೆ ವರ್ಷದಿಂದ ಬೆಳಗಿನ ಜಾವ ಮೂರು ಗಂಟೆಗೆ ಸೊಂಟದ ಕೆಳಗೆ, ಒಂದು ದಿನ ಎಡಕ್ಕೆ, ಇನ್ನೊಂದು ದಿನ ಬಲಕ್ಕೆ ನೋವಾಗಿ ಎದ್ದು ಕೂರುತ್ತಾಳೆ. ಎದ್ದ ಮೇಲೆ ಒಂದು ಗಂಟೆ ಬಗ್ಗಿ ನೀರು ತುಂಬಲೂ ಆಗದು, ಓಡಾಡುತ್ತ ಸಡಿಲವಾಗುತ್ತದೆ. ಎಕ್ಸ್‌ರೇ ಸರಿಯಿದೆ, ಬಿ27 ನೆಗೆಟಿವ್. ಇದು ಗಂಡಸರ ಕಾಯಿಲೆ, ನಿಮ್ಮ ಮಗಳಿಗೆ ಕ್ಯಾಲ್ಸಿಯಂ ಸಾಕು ಎಂದಿದ್ದಾರೆ. — ಮಲ್ಲೇಶ್ವರ

ಉತ್ತರ: ಇಲ್ಲಿಗೆ ಬಂದ ಪತ್ರಗಳಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ನಿಮ್ಮದು. ವಿಜಯನಗರದವರ ರಿಪೋರ್ಟಿನಲ್ಲಿ ಗುರುತು ಇದೆ, ಮೈಯಲ್ಲಿ ಲಕ್ಷಣವಿಲ್ಲ. ನಿಮ್ಮ ಮಗಳ ರಿಪೋರ್ಟಿನಲ್ಲಿ ಗುರುತು ಇಲ್ಲ, ಮೈಯಲ್ಲಿ ಲಕ್ಷಣಗಳೆಲ್ಲ ಸಾಲಾಗಿ ನಿಂತಿವೆ. ಮೊದಲನೆಯವರು ಮನೆಯಲ್ಲಿರಲಿ, ಎರಡನೆಯವರು ಈ ವಾರವೇ ಸಂಧಿವಾತದ ತಜ್ಞರಾದ ರುಮಟಾಲಜಿಸ್ಟರನ್ನು ಕಾಣಲಿ ಎಂದರೆ ವಿಚಿತ್ರವೆನಿಸಬಹುದು, ಆದರೆ ನನ್ನ ಸಲಹೆ ಅದೇ.

ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ ನೂರಕ್ಕೆ 80ರಿಂದ 95 ಮಂದಿಗೆ ಬಿ27 ಇರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಅಂದರೆ ಅದಿಲ್ಲದೆಯೂ ಕಾಯಿಲೆ ಬಂದವರು ಇದ್ದೇ ಇದ್ದಾರೆ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಿಸಿಕೊಳ್ಳುವ ಮುಂಚಿನ ಹಂತದಲ್ಲಂತೂ ಬಿ27 ಇಲ್ಲದವರ ಪ್ರಮಾಣ ಇನ್ನೂ ಹೆಚ್ಚು. ಎಕ್ಸ್‌ರೇ ತೋರಿಸುವುದು ಮೂಳೆಗೆ ಆಗಿಹೋದ ಹಾನಿಯನ್ನು, ಆ ಹಾನಿ ಮೂಡಲು ಹಲವು ವರ್ಷ ಹಿಡಿಯಬಹುದು. ಈಗ ನಡೆಯುತ್ತಿರುವ ಉರಿಯೂತವನ್ನು, ಮೂಳೆಯ ಮಜ್ಜೆಯಲ್ಲಿ ನೀರು ತುಂಬಿದ ಸ್ಥಿತಿಯನ್ನು, ಎಂಆರ್‌ಐ ತೋರಿಸುತ್ತದೆ. ಆದರೆ ಎಂಆರ್‌ಐ ಬರೆಸುವಾಗ ಒಂದು ಎಚ್ಚರ ಬೇಕು: ಸಾಮಾನ್ಯ ಸೊಂಟದ ಎಂಆರ್‌ಐನಲ್ಲಿ ಸ್ಯಾಕ್ರೋಇಲಿಯಾಕ್ ಕೀಲುಗಳು ಸರಿಯಾಗಿ ಸೇರುವುದಿಲ್ಲ, ಆ ಕೀಲುಗಳ ಹೆಸರನ್ನೇ ಚೀಟಿಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಎಲ್ಲೋ ಸ್ವಲ್ಪ ಉಬ್ಬಿದ ಡಿಸ್ಕೊಂದು ಕಂಡು, ಸ್ಲಿಪ್ ಡಿಸ್ಕ್ ಎಂಬ ಹೊಸ ಹಣೆಪಟ್ಟಿಯೊಂದಿಗೆ ಮನೆಗೆ ಬರುತ್ತೀರಿ.

ಗಂಡಸರ ಕಾಯಿಲೆ ಎಂಬ ಮಾತು ಹಳೆಯ ಎಕ್ಸ್‌ರೇ ಕಾಲದ್ದು. ಮೂಳೆ ಬೆಸೆಯುವ ಪ್ರಕ್ರಿಯೆ ಹೆಂಗಸರಲ್ಲಿ ನಿಧಾನ, ಹಾಗಾಗಿ ಎಕ್ಸ್‌ರೇ ನೋಡಿ ಲೆಕ್ಕ ಹಾಕಿದಾಗ ಗಂಡಸರೇ ಎರಡು ಮೂರು ಪಟ್ಟು ಹೆಚ್ಚು ಕಾಣುತ್ತಿದ್ದರು. ಎಕ್ಸ್‌ರೇಗೆ ಮುಂಚಿನ ಹಂತವನ್ನೂ ಸೇರಿಸಿದರೆ ಇಬ್ಬರ ಸಂಖ್ಯೆಯೂ ಹೆಚ್ಚುಕಡಿಮೆ ಸಮವಾಗುತ್ತದೆ. ಆದರೂ ಹೆಂಗಸರಿಗೆ ಕಾಯಿಲೆಯ ಹೆಸರು ಸಿಗುವುದು ಗಂಡಸರಿಗಿಂತ ತಡವಾಗಿ, ಅಷ್ಟರೊಳಗೆ ಅವರಿಗೆ ಸೋಮಾರಿ ಎಂಬ ಹೆಸರು ಬಂದಿರುತ್ತದೆ. ಮಗಳು ಎದ್ದ ಮೇಲೆ ಎಷ್ಟು ನಿಮಿಷಕ್ಕೆ ಸೊಂಟ ಸಡಿಲವಾಯಿತು ಎಂಬುದನ್ನು ಎರಡು ವಾರ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ರಕ್ತಪರೀಕ್ಷೆಗಿಂತ ಅದು ಹೆಚ್ಚು ಮಾತಾಡುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಒಂದೇ ಒಂದು ವಂಶವಾಹಿಯ ಬಗೆ ಬೆನ್ನಿನ ಕೀಲಿಗೆ ಹೇಗೆ ಕಾಯಿಲೆ ತರುತ್ತದೆ? ಇಂಥ ವಂಶವಾಹಿ ವಿಕಾಸದ ಹಾದಿಯಲ್ಲಿ ಅಳಿದುಹೋಗದೆ ಉಳಿದಿದ್ದೇಕೆ? — ಯಲಹಂಕ

ಉತ್ತರ: ಅನ್ನ ಬೆಂದಿದೆಯೇ ಎಂದು ತಿಳಿಯಲು ನಾವು ಒಂದು ಅಗುಳನ್ನು ಹಿಸುಕಿ ನೋಡುತ್ತೇವೆ. ರೋಗನಿರೋಧಕ ವ್ಯವಸ್ಥೆಯೂ ಹಾಗೆಯೇ ಮಾಡುತ್ತದೆ. ಜೀವಕೋಶದೊಳಗಿನ ಪ್ರೋಟೀನುಗಳು ಚೂರುಚೂರಾದಾಗ, ಹೆಚ್ಚಾಗಿ ಒಂಬತ್ತು ಅಮೈನೋ ಆಮ್ಲ ಉದ್ದದ ಒಂದೊಂದು ಚೂರನ್ನು ಎಚ್‌ಎಲ್‌ಎ-ಬಿ ಪ್ರೋಟೀನು ತನ್ನ ತೋಡಿನಲ್ಲಿ ಕೂರಿಸಿಕೊಂಡು ಜೀವಕೋಶದ ಮೇಲ್ಮೈಗೆ ತರುತ್ತದೆ. ಹೊರಗೆ ಗಸ್ತು ತಿರುಗುವ ಟಿ ಜೀವಕೋಶಗಳು ಆ ಅಗುಳನ್ನು ಮುಟ್ಟಿ ನೋಡುತ್ತವೆ. ನಮ್ಮದೇ ಆಗಿದ್ದರೆ ಮುಂದೆ ಹೋಗುತ್ತವೆ, ವೈರಸ್ಸಿನದಾದರೆ ಆ ಜೀವಕೋಶವನ್ನೇ ಕೊಲ್ಲುತ್ತವೆ. ತೋಡಿನ ಆಕಾರ ಒಂದೊಂದು ಬಗೆಗೆ ಒಂದೊಂದು. ಬಿ27ರ ತೋಡಿಗೆ ಎರಡನೆಯ ಸ್ಥಾನದಲ್ಲಿ ಆರ್ಜಿನೀನ್ ಇರುವ ಚೂರುಗಳೇ ಇಷ್ಟ.

ಇದು ಪತ್ತೆಯಾದ ಕತೆಯನ್ನು ಮಕ್ಕಳಿಗೆ ಹೇಳಬಹುದು. ಎಚ್‌ಎಲ್‌ಎ ಗುಂಪಿನ ಮೊದಲ ಗುರುತನ್ನು ಫ್ರಾನ್ಸಿನ ಜಾನ್ ಡೋಸೆ 1958ರಲ್ಲಿ ಕಂಡರು, ಅದಕ್ಕಾಗಿ 1980ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಮುಂದೆ ಹಲವು ವರ್ಷ ಈ ಗುರುತುಗಳ ಉಪಯೋಗವೆಂದರೆ ಮೂತ್ರಪಿಂಡದ ಕಸಿಗೆ ದಾನಿ ಹೊಂದುತ್ತಾರೆಯೇ ಎಂದು ನೋಡುವುದು. ಬೆನ್ನುನೋವಿನ ವೈದ್ಯರಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. 1973ರಲ್ಲಿ ಲಂಡನ್ನಿನ ಡೆರಿಕ್ ಬ್ರೂವರ್ಟನ್ ಮತ್ತು ಸಂಗಡಿಗರು ಸ್ಪಾಂಡಿಲೈಟಿಸ್ ಇದ್ದ 75 ಮಂದಿಯ ರಕ್ತ ಪರೀಕ್ಷಿಸಿದಾಗ 72 ಮಂದಿಯಲ್ಲಿ 27ರ ಗುರುತು ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡ 75 ಮಂದಿಯಲ್ಲಿ ಸಿಕ್ಕಿದ್ದು ಮೂವರಲ್ಲಿ. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ, ಕಸಿಯ ಹೊಂದಾಣಿಕೆ ಪರೀಕ್ಷೆಗೆ ಹೆಸರಾದ ಪಾಲ್ ತೆರಸಾಕಿ ಇದ್ದ ತಂಡವೂ ಸ್ವತಂತ್ರವಾಗಿ ಇದೇ ಫಲಿತಾಂಶಕ್ಕೆ ಬಂದಿತು. ಒಂದು ವಂಶವಾಹಿಗೂ ಒಂದು ಸಾಮಾನ್ಯ ಕಾಯಿಲೆಗೂ ಇಷ್ಟು ಗಟ್ಟಿಯಾದ ನಂಟು ಇಂದಿಗೂ ವಿರಳ.

ಹೇಗೆ ಎಂಬ ಪ್ರಶ್ನೆಗೆ ಐವತ್ತು ವರ್ಷಗಳಾದರೂ ಒಂದೇ ಉತ್ತರ ನಿಂತಿಲ್ಲ. ಮೊದಲನೆಯ ವಾದ, ಅಗುಳಿನ ತಪ್ಪು ಗುರುತು: ಬ್ಯಾಕ್ಟೀರಿಯಾದ ಚೂರಿಗೆ ತರಬೇತಾದ ಟಿ ಜೀವಕೋಶ, ಅದನ್ನೇ ಹೋಲುವ ನಮ್ಮ ಚೂರನ್ನೂ ಶತ್ರುವೆಂದು ಬಗೆಯುತ್ತದೆ. ಇದು ಬಹುಕಾಲ ಊಹೆಯಾಗಿಯೇ ಇತ್ತು. 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ರೋಗಿಗಳ ಕೀಲಿನಿಂದಲೂ ಕಣ್ಣಿನಿಂದಲೂ ತೆಗೆದ ಟಿ ಜೀವಕೋಶಗಳ ಗ್ರಾಹಕಗಳು ಬಿ27 ಹಿಡಿದು ತೋರಿಸಿದ ದೇಹದ ಚೂರುಗಳನ್ನೂ ಬ್ಯಾಕ್ಟೀರಿಯಾದ ಚೂರುಗಳನ್ನೂ ಗುರುತಿಸುತ್ತವೆ ಎಂದು ತೋರಿಸಿ ಈ ವಾದಕ್ಕೆ ಜೀವ ತುಂಬಿತು. ಎರಡನೆಯ ವಾದದ ಪ್ರಕಾರ ಬಿ27 ಪ್ರೋಟೀನು ಸರಿಯಾಗಿ ಮಡಿಕೆಯಾಗದೆ ಜೀವಕೋಶದೊಳಗೇ ರಾಶಿಬಿದ್ದು, ಆ ಒತ್ತಡದಿಂದ ಐಎಲ್-23 ಎಂಬ ಉರಿಯೂತದ ಸಂದೇಶ ಹೊರಡುತ್ತದೆ. ಮೂರನೆಯದು, ಎರಡು ಬಿ27 ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಮೇಲ್ಮೈಗೆ ಬಂದು ಬೇರೆ ಬಗೆಯ ರಕ್ಷಕಕೋಶಗಳನ್ನು ಕೆಣಕುತ್ತವೆ ಎನ್ನುತ್ತದೆ. ನನಗೆ ಮೊದಲನೆಯದರ ಕಡೆ ಒಲವು ಹೆಚ್ಚು. ಅದಕ್ಕೆ ಕಾರಣ ಈಆರ್‌ಎಪಿ1 ಎಂಬ ಇನ್ನೊಂದು ವಂಶವಾಹಿ: ತೋಡಿನಲ್ಲಿ ಕೂರುವ ಮುನ್ನ ಚೂರುಗಳನ್ನು ಅಳತೆಗೆ ಕತ್ತರಿಸುವ ಕಿಣ್ವ ಅದರದ್ದು. 2007ರಲ್ಲಿ ಅದಕ್ಕೂ ಈ ಕಾಯಿಲೆಗೂ ನಂಟು ಕಂಡಿತು. ಮುಂದೆ, ಆ ನಂಟು ಮುಖ್ಯವಾಗಿ ಬಿ27 ಇರುವವರಲ್ಲಿ ಕೆಲಸ ಮಾಡುತ್ತದೆ ಎಂದೂ ತಿಳಿಯಿತು. ಕತ್ತರಿಯೂ ತೋಡೂ ಜೊತೆಯಾಗಿ ದೋಷಿಗಳಾಗಿರುವಾಗ, ಅವೆರಡರ ನಡುವೆ ಇರುವ ಚೂರಿನ ಮೇಲೆ ಅನುಮಾನ ಬರುವುದು ಸಹಜ.

ಇನ್ನೆರಡು ಸಂಗತಿಗಳನ್ನು ತರಗತಿಗೆ ಒಯ್ಯಿರಿ. ಮನುಷ್ಯರ ಬಿ27 ವಂಶವಾಹಿಯನ್ನು ಸೇರಿಸಿದ ಇಲಿಗಳಿಗೆ ಕರುಳು ಮತ್ತು ಕೀಲುಗಳ ಉರಿಯೂತ ಬರುತ್ತದೆಂದು 1990ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಅವೇ ಇಲಿಗಳನ್ನು ಒಂದು ಸೂಕ್ಷ್ಮಜೀವಿಯೂ ಇಲ್ಲದ ಕೋಣೆಯಲ್ಲಿ ಬೆಳೆಸಿದಾಗ ಆ ಉರಿಯೂತ ಬರಲಿಲ್ಲ. ಅಂದರೆ ವಂಶವಾಹಿಯೊಂದೇ ಸಾಲದು, ಕರುಳಿನ ಜೀವಿಗಳೂ ಕೈಜೋಡಿಸಬೇಕು. ಎರಡನೆಯದು, ಬಿ27ರಲ್ಲೂ ಒಳಪಂಗಡಗಳಿವೆ. ಬಹು ವ್ಯಾಪಕವಾದ 27:05ಕ್ಕೂ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಕಾಣುವ 27:09ಕ್ಕೂ ಇರುವ ವ್ಯತ್ಯಾಸ ತೋಡಿನ ತಳದಲ್ಲಿರುವ ಒಂದೇ ಒಂದು ಅಮೈನೋ ಆಮ್ಲ. ಆದರೆ ಮೊದಲನೆಯದಕ್ಕೆ ಕಾಯಿಲೆಯ ನಂಟಿದೆ, ಎರಡನೆಯದಕ್ಕೆ ಇಲ್ಲವೆನ್ನುವಷ್ಟು ಕಡಿಮೆ.

ಉಳಿದುಕೊಂಡಿದ್ದೇಕೆ ಎಂಬುದಕ್ಕೆ ಖಚಿತ ಸಾಕ್ಷಿ ಇಲ್ಲ, ಇಂದಿನ ರೋಗಗಳಿಂದ ಸುಳಿವು ಮಾತ್ರ ಸಿಗುತ್ತದೆ. ಎಚ್‌ಐವಿ ತಗುಲಿದವರಲ್ಲಿ ಬಿ27 ಇದ್ದವರಿಗೆ ಏಡ್ಸ್ ಹಂತ ಬರುವುದು ನಿಧಾನ, ಏಕೆಂದರೆ ವೈರಸ್ಸು ಸುಲಭವಾಗಿ ಬದಲಾಯಿಸಿಕೊಳ್ಳಲಾಗದ ಒಂದು ಚೂರನ್ನು ಈ ತೋಡು ಬಿಗಿಯಾಗಿ ಹಿಡಿದು ತೋರಿಸುತ್ತದೆ. ಹೆಪಟೈಟಿಸ್ ಸಿ ವೈರಸ್ಸನ್ನು ಔಷಧವಿಲ್ಲದೆ ತಾವಾಗಿಯೇ ಹೊರಹಾಕುವವರಲ್ಲೂ ಬಿ27 ಹೆಚ್ಚು ಕಾಣುತ್ತದೆ. ಹಿಂದೆ ಯಾವ ಸೋಂಕಿನ ಕಾಲದಲ್ಲಿ ಇದು ನಮ್ಮ ಪೂರ್ವಿಕರನ್ನು ಕಾಯಿತೋ, ಆ ಋಣಕ್ಕೆ ಇಂದು ಕೆಲವರ ಸೊಂಟ ಬಡ್ಡಿ ಕಟ್ಟುತ್ತಿರಬಹುದು.

ಪ್ರಶ್ನೆ: ಎರಡು ವರ್ಷದಲ್ಲಿ ಮೂರನೆಯ ಬಾರಿ ಒಂದು ಕಣ್ಣು ಕೆಂಪಾಗಿ, ಬೆಳಕು ಕಂಡರೆ ಚುಚ್ಚುತ್ತದೆ. ಕಣ್ಣಿನ ವೈದ್ಯರು ಸೊಂಟದ ಬಗ್ಗೆ ಕೇಳಿ ಬಿ27 ಬರೆದಿದ್ದಾರೆ. ದಾರಿ ತಪ್ಪಿದ್ದಾರೆಯೇ? — ಜಯನಗರ

ಉತ್ತರ: ಇಲ್ಲ, ನೇರ ದಾರಿಯಲ್ಲಿದ್ದಾರೆ. ಕಣ್ಣಿನ ಮುಂಭಾಗದಲ್ಲಿ ದಿಢೀರನೆ ಬರುವ ಯುವಿಯೈಟಿಸ್ ಎಂಬ ಉರಿಯೂತದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಬಿ27 ಇರುತ್ತದೆ. ಒಂದು ಬಾರಿಗೆ ಒಂದೇ ಕಣ್ಣು, ಮುಂದಿನ ಬಾರಿ ಇನ್ನೊಂದು, ಇದು ಅದರ ಚಾಳಿ. ಮದ್ರಾಸ್ ಐ ಇರಬೇಕೆಂದು ಔಷಧಿ ಅಂಗಡಿಯಿಂದ ಹನಿ ತಂದು ಬಿಟ್ಟುಕೊಳ್ಳಬೇಡಿ. ತಡವಾದರೆ ಪಾಪೆ ಒಳಗೇ ಅಂಟಿಕೊಂಡು ದೃಷ್ಟಿಗೆ ಕುತ್ತು ಬರಬಹುದು.

ಪ್ರಶ್ನೆ: ತಮ್ಮನಿಗೆ ಸ್ಪಾಂಡಿಲೈಟಿಸ್, ಬಿ27 ಪಾಸಿಟಿವ್. ಚಿಕಿತ್ಸೆಯಿಂದ ಚೆನ್ನಾಗಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ. ವಿಷಯ ಮುಚ್ಚಿಡದೆ ಹೇಳಿದ್ದಕ್ಕೆ ಕೂಡಿಬಂದ ಸಂಬಂಧ ಮುರಿದುಹೋಯಿತು. ಮಕ್ಕಳಿಗೆ ಬಂದೇ ಬರುತ್ತದೆಯೇ? — ರಾಜಾಜಿನಗರ

ಉತ್ತರ: ತಮ್ಮ ಹೇಳಿದ್ದು ಸರಿ. ಲೆಕ್ಕವನ್ನೂ ಹೇಳಿದ್ದರೆ ಚೆನ್ನಾಗಿತ್ತು, ಅದನ್ನು ನಾನು ಹೇಳುತ್ತೇನೆ. ಅವರ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬಿ27 ಆಗಿದ್ದರೆ, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧ. ದಾಟಿದ ಮೇಲೆಯೂ ಕಾಯಿಲೆ ಬರುವ ಸಾಧ್ಯತೆ ಮೇಲೆ ಹೇಳಿದಂತೆ ನೂರಕ್ಕೆ 10ರಿಂದ 20. ಎರಡನ್ನೂ ಗುಣಿಸಿದರೆ ಹುಟ್ಟುವ ಮಗುವಿಗೆ ಕಾಯಿಲೆ ಬಾರದಿರುವ ಸಾಧ್ಯತೆಯೇ ನೂರಕ್ಕೆ 90ಕ್ಕಿಂತ ಹೆಚ್ಚು ಅಥವಾ ಅದರ ಆಸುಪಾಸು. ಈ ಕಾಯಿಲೆಗೆ ನಂಟಿರುವ ಜಾಗಗಳು ನಮ್ಮ ವಂಶವಾಹಿಗಳಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿವೆ, ಬಿ27 ಅವುಗಳಲ್ಲಿ ದೊಡ್ಡದು ಅಷ್ಟೇ. ಜಾತಕದ ಕುಜದೋಷದ ಪಕ್ಕದಲ್ಲಿ ಇದನ್ನೂ ಒಂದು ದೋಷವಾಗಿ ಬರೆಯಲು ಹೊರಟವರು, ಬಿ27 ಇದೆಯೋ ಇಲ್ಲವೋ ತಿಳಿಯದ ತಮ್ಮ ಮನೆಯವರ ರಕ್ತವನ್ನೂ ಒಮ್ಮೆ ಪರೀಕ್ಷೆಗೆ ಕೊಡಲಿ.

ಪ್ರಶ್ನೆ: ಸ್ಪಾಂಡಿಲೈಟಿಸ್ ಇರುವ ಮಗನಿಗೆ ಅಡಾಲಿಮುಮಾಬ್ ಇಂಜೆಕ್ಷನ್ ಬೇಕೆಂದಿದ್ದಾರೆ, ಆದರೆ ಕೆಮ್ಮಿಲ್ಲದಿದ್ದರೂ ಕ್ಷಯದ ಪರೀಕ್ಷೆ ಬರೆದಿದ್ದಾರೆ. ಯೋಗದಿಂದಲೇ ಗುಣಪಡಿಸಬಹುದೇ? — ಬನಶಂಕರಿ

ಉತ್ತರ: ಕ್ಷಯದ ಪರೀಕ್ಷೆ ಬರೆಯದಿದ್ದರೆ ವೈದ್ಯರನ್ನು ಬದಲಿಸಿ ಎನ್ನುತ್ತಿದ್ದೆ. ನಮ್ಮ ದೇಶದಲ್ಲಿ ಬಹಳ ಮಂದಿಯ ಮೈಯಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಮಲಗಿರುತ್ತದೆ. ಅದನ್ನು ಸುತ್ತುಗಟ್ಟಿ ಕೂಡಿಹಾಕಿರುವ ಗೋಡೆಯನ್ನು ಕಾಯುವುದು ಟಿಎನ್‌ಎಫ್ ಎಂಬ ರಾಸಾಯನಿಕ. ಅಡಾಲಿಮುಮಾಬ್ ತಡೆಯುವುದು ಅದನ್ನೇ, ಹಾಗಾಗಿ ಸೊಂಟದ ಉರಿಯೂತ ಇಳಿಯುವ ಜೊತೆಗೆ ಆ ಗೋಡೆಯೂ ಸಡಿಲವಾಗಬಹುದು. ಪರೀಕ್ಷೆಯಲ್ಲಿ ಗುಪ್ತ ಕ್ಷಯ ಕಂಡರೆ ಅದಕ್ಕೆ ಮೊದಲು ಮಾತ್ರೆ ಶುರುಮಾಡಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಇಂಜೆಕ್ಷನ್ ಕೊಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆಯೂ ಇದೇ ಕಾರಣಕ್ಕೆ.

ನೋವುನಿವಾರಕಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು ನೋಡಿದ ಮೇಲೂ ಉರಿಯೂತ ತಗ್ಗದಿದ್ದರೆ ಮಾತ್ರ ಈ ಇಂಜೆಕ್ಷನ್ನಿನ ಸರದಿ. ಟಿಎನ್‌ಎಫ್ ತಡೆಯುವ ಔಷಧಗಳು, ಐಎಲ್-17 ಎಂಬ ಇನ್ನೊಂದು ಉರಿಯೂತದ ಸಂದೇಶವನ್ನು ತಡೆಯುವ ಸೆಕುಕಿನುಮಾಬ್, ಈಗ ಮಾತ್ರೆಯ ರೂಪದ ಟೊಫಾಸಿಟಿನಿಬ್ ಮೊದಲಾದವು ಹಾಸಿಗೆ ಹಿಡಿದವರನ್ನು ಎಬ್ಬಿಸಿವೆ. ಅಡಾಲಿಮುಮಾಬ್‌ನ ಜೈವಿಕ ಸಮಾನ ಔಷಧವನ್ನು ಜಗತ್ತಿನಲ್ಲೇ ಮೊದಲು, 2014ರಲ್ಲಿ, ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಒಂದು ಭಾರತೀಯ ಕಂಪನಿ. ಬೆಲೆ ಇಳಿಯಲು ಅದು ದಾರಿಮಾಡಿತು. ತಮಾಷೆಯೆಂದರೆ, ಕಾಯಿಲೆಯ ಮೂಲದಲ್ಲಿದೆ ಎನ್ನಲಾದ ಐಎಲ್-23ನ್ನು ತಡೆಯುವ ಔಷಧಗಳು ಸೋರಿಯಾಸಿಸ್‌ಗೆ ಅದ್ಭುತವಾಗಿ ಕೆಲಸ ಮಾಡಿ, ಬೆನ್ನುಮೂಳೆಯ ಪ್ರಯೋಗಗಳಲ್ಲಿ ಸೋತವು. ಪ್ರಯೋಗಾಲಯದ ತರ್ಕಕ್ಕೆ ದೇಹ ಯಾವಾಗಲೂ ತಲೆಬಾಗುವುದಿಲ್ಲ. ನುಂಗುವ ಸ್ಟೀರಾಯ್ಡ್‌ಗಳೂ ಈ ಬೆನ್ನಿಗೆ ಪ್ರಯೋಜನವಿಲ್ಲ, ಯಾರಾದರೂ ತಿಂಗಳುಗಟ್ಟಲೆ ಕೊಡುತ್ತಿದ್ದರೆ ಪ್ರಶ್ನಿಸಿ.

ಯೋಗ ಔಷಧದ ಜಾಗಕ್ಕೆ ಬಾರದು, ಆದರೆ ಔಷಧದಷ್ಟೇ ಬೇಕು. ಎದೆ ಹಿಗ್ಗಿಸುವ, ಬೆನ್ನನ್ನು ಹಿಂದಕ್ಕೆ ಬಾಗಿಸುವ ಆಸನಗಳು, ಈಜು, ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಬಿರುಸಿನ ನಡಿಗೆ ಎಲ್ಲವೂ ಒಳ್ಳೆಯವು. ಬೆನ್ನುಮೂಳೆ ಈಗಾಗಲೇ ಬೆಸೆದಿದ್ದರೆ ಬಲವಂತದ ತಿರುಚುವ ಆಸನಗಳೂ ಕುತ್ತಿಗೆಯನ್ನು ಲಟಕ್ಕೆನ್ನಿಸುವ ಮಾಲೀಸೂ ಬೇಡ, ಅಂಥ ಮೂಳೆ ಸುಲಭವಾಗಿ ಮುರಿಯುತ್ತದೆ. ಮಗ ಸಿಗರೇಟು ಸೇದುತ್ತಿದ್ದರೆ ಅದನ್ನು ಬಿಡಿಸುವುದು ಇಂಜೆಕ್ಷನ್ನಿಗಿಂತ ಮೊದಲಿನ ಕೆಲಸ. ಹೊಗೆ ಈ ಕಾಯಿಲೆಯನ್ನು ಬೇಗ ಬಲಿಸುತ್ತದೆ.

ಪ್ರಶ್ನೆ: ಮೂರು ವರ್ಷದ ಹಿಂದೆ ಬಿ27 ಮಾಡಿಸಿದ್ದೆ. ಹೊಸ ವೈದ್ಯರ ಬಳಿ ಹೋಗುವ ಮುನ್ನ ಮತ್ತೆ ಮಾಡಿಸಬೇಕೇ? — ಹೆಬ್ಬಾಳ

ಉತ್ತರ: ಬೇಡ. ಸಕ್ಕರೆಯಂತೆ ಏರಿಳಿಯುವ ಅಂಶ ಇದಲ್ಲ. ಹುಟ್ಟಿದಾಗ ಇದ್ದದ್ದೇ ಕೊನೆಯವರೆಗೆ ಇರುತ್ತದೆ. ಹಿಂದಿನ ಪರೀಕ್ಷೆ ಫ್ಲೋ ಸೈಟೋಮೆಟ್ರಿ ವಿಧಾನದ್ದಾಗಿದ್ದು, ಫಲಿತಾಂಶ ಸಂದಿಗ್ಧವೆಂದು ಬರೆದಿದ್ದರೆ ಮಾತ್ರ ಪಿಸಿಆರ್ ವಿಧಾನದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಬಹುದು, ಏಕೆಂದರೆ ಬಿ7 ಎಂಬ ನೆಂಟ ಬಗೆ ಕೆಲವೊಮ್ಮೆ ಬಿ27ರ ವೇಷದಲ್ಲಿ ಕಾಣುತ್ತದೆ. ಉಳಿದಂತೆ ಹಳೆಯ ರಿಪೋರ್ಟನ್ನೇ ಫೈಲಿನಲ್ಲಿ ಜೋಪಾನವಾಗಿಡಿ, ಅದರ ಫೋಟೋ ಒಂದು ಮೊಬೈಲಿನಲ್ಲಿರಲಿ.